ನಗರವೋ, ಊರಂಚೋ, ಹಳ್ಳಿಯೋ? ಮನೆ ನೋಡುವ ಮೊದಲು ಜಾಗ ಆರಿಸುವ ಕ್ರಮ

"ಮನೆ ತುಂಬಾ ಚೆನ್ನಾಗಿದೆ, ಆದರೆ ಇಲ್ಲಿ ಇರೋಕೆ ಆಗ್ತಾ ಇಲ್ಲ." ಜಾಗ ಬದಲಿಸಿ ವರ್ಷ ತುಂಬುವುದರೊಳಗೆ ಹೀಗೆ ಹೇಳುವವರು ಒಬ್ಬಿಬ್ಬರಲ್ಲ. ನಗರ ಬಿಟ್ಟು ಹಳ್ಳಿಗೆ ಹೋದವರು, ಹಳ್ಳಿ ಬಿಟ್ಟು ನಗರಕ್ಕೆ ಬಂದವರು, ಎರಡರ ಮಧ್ಯೆ ಊರಂಚಿನ ಬಡಾವಣೆಯಲ್ಲಿ ಮನೆ ಹಿಡಿದವರು, ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಮೊದಲು ಒಂದು ಮನೆ ಇಷ್ಟವಾಗುತ್ತದೆ. ಆಮೇಲೆ ಆ ಮನೆಗೆ ತಕ್ಕಂತೆ ದಿನಚರಿಯನ್ನು ಬಗ್ಗಿಸಲು ನೋಡುತ್ತಾರೆ. ಅದು ಬಗ್ಗುವುದಿಲ್ಲ.

ಕ್ರಮ ತಿರುಗಿಸಬೇಕು. ಮೊದಲು ನಿಮ್ಮ ಸಾಮಾನ್ಯ ವಾರ, ನಂತರ ದೂರ, ನಂತರ ಖರ್ಚು, ನೀರು, ಕರೆಂಟು, ಗಾಳಿ, ಆಮೇಲೆ ಅಲ್ಲೇ ಕೆಲವು ದಿನ ಇದ್ದು ನೋಡುವುದು, ಎಲ್ಲಕ್ಕಿಂತ ಕೊನೆಗೆ ಮನೆ. ಮನೆಯ ಮೇಲೆ ಮನಸ್ಸು ಕೂತ ಮೇಲೆ ಕಣ್ಣೆದುರಿನ ತೊಂದರೆಗೆಲ್ಲ ನಾವೇ ಏನಾದರೊಂದು ಸಮಾಧಾನ ಹೇಳಿಕೊಳ್ಳಲು ಶುರು ಮಾಡುತ್ತೇವೆ, ಅದಕ್ಕೇ ಈ ಸಾಲು ಕೆಡಬಾರದು. ಮನೆ ಹುಡುಕುವುದಕ್ಕೆ ಮೊದಲಿನ ಹಂತಗಳಿಗೆಲ್ಲ ಸೇರಿ ಕನಿಷ್ಠ ಎರಡು ತಿಂಗಳು ಇಟ್ಟುಕೊಳ್ಳಿ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಇಲ್ಲಿ ನಗರ ಅಂದರೆ ದಿನದ ಹೆಚ್ಚಿನ ಕೆಲಸ ನಡೆದೋ, ಬಸ್ಸು ರೈಲಿನಲ್ಲೋ ಮುಗಿಯುವ ಜಾಗ. ಊರಂಚು ಅಂದರೆ ಮನೆಗಳೇನೋ ಸಾಲಾಗಿ ಇವೆ, ಆದರೆ ಕೆಲಸ ಮತ್ತು ದೊಡ್ಡ ಆಸ್ಪತ್ರೆಗೆ ನಗರಕ್ಕೇ ಹೋಗಬೇಕು. ಹಳ್ಳಿ ಅಂದರೆ ಮನೆಗಿಂತ ಹೊಲ, ತೋಟ, ಕಾಡು ಜಾಸ್ತಿ, ಮತ್ತು ನೀರು, ಕೊಳಚೆ, ಕಸ ಇವುಗಳ ಹೊಣೆ ಬಹಳ ಸಲ ಮನೆಯವರದ್ದೇ.

ಏನೇನು ಬೇಕು

ಒಂದು ನೋಟ್‌ಬುಕ್, ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ. ಸಮಯ ನೋಡಲು ಮತ್ತು ಇಂಟರ್ನೆಟ್ ವೇಗ ಅಳೆಯಲು ಫೋನ್. ಸದ್ದು ಅಳೆಯುವ ಆಪ್ ಒಂದು. ಅದರ ಅಂಕಿ ಪೂರ್ತಿ ನಿಖರ ಇರುವುದಿಲ್ಲ, ಆದರೆ ಎರಡು ಜಾಗ ಹೋಲಿಸಲು ಸಾಕು. ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಬೋರ್‌ವೆಲ್ ಅಥವಾ ಬಾವಿ ಇರುವ ಕಡೆಗೆ ಹೋಗುವುದಾದರೆ ನೀರು ಪರೀಕ್ಷೆ ಮಾಡುವ ಲ್ಯಾಬ್‌ನ ವಿಳಾಸ. ಮನೆ ಜಾಹೀರಾತಿನ ಆಪ್ ಏನಾದರೂ ಫೋನಿನಲ್ಲಿದ್ದರೆ ಈಗ ತೆಗೆದುಬಿಡಿ, ಕೊನೆಯ ಹಂತದಲ್ಲಿ ಮತ್ತೆ ಹಾಕಿಕೊಳ್ಳಬಹುದು.

ಹಂತ 1: ಎರಡು ವಾರದ ದಿನಚರಿ ಬರೆಯಿರಿ

14 ದಿನ, ಯಾವ ವಿಶೇಷವೂ ಇಲ್ಲದ ಸಾಮಾನ್ಯ ದಿನಗಳು. ಎಲ್ಲಿಗೆ ಹೋದಿರಿ, ಹೇಗೆ ಹೋದಿರಿ, ಎಷ್ಟು ಹೊತ್ತು ಹಿಡಿಯಿತು, ಯಾರ ಜೊತೆ. ಔಷಧಿ ತರಲು ಹೋಗಿದ್ದು, ಸ್ನೇಹಿತರ ಮನೆಗೆ ಸುಮ್ನೆ ಹೋಗಿ ಕೂತಿದ್ದು, ಮಗುವನ್ನು ಕರೆತಂದಿದ್ದು, ಎಲ್ಲವೂ ಬರಲಿ.

ಇದನ್ನು ಮನೆಯ ಒಬ್ಬರೇ ಎಲ್ಲರ ಪರವಾಗಿ ಬರೆಯಬಾರದು. ನಾವು ಹೀಗೇ ತಪ್ಪು ಮಾಡಿದೆವು. ಊರಂಚಿನ ಒಂದು ಮನೆಗೆ ಹೋಗುವಾಗ ನಾನು ಲೆಕ್ಕ ಹಾಕಿದ್ದು ನನ್ನ ಆಫೀಸಿನ ದಾರಿಯನ್ನು ಮಾತ್ರ. ನನ್ನ ಹೆಂಡತಿ ಹಗಲೆಲ್ಲ ಚಿಕ್ಕ ಮಗುವಿನ ಜೊತೆ ಆ ಮನೆಯಲ್ಲಿದ್ದಳು, ಗಾಡಿ ನನ್ನ ಜೊತೆ ಹೋಗುತ್ತಿತ್ತು, ನಡೆದು ಹೋಗುವಷ್ಟು ಹತ್ತಿರ ಒಂದು ಉದ್ಯಾನವೂ ಇರಲಿಲ್ಲ. ಆರು ತಿಂಗಳಲ್ಲಿ ಅವಳ ಮಾತು ಕಡಿಮೆಯಾಯಿತು. ಕಾರಣ ನನಗೆ ಅರ್ಥವಾಗಲು ಇನ್ನೂ ಆರು ತಿಂಗಳು ಬೇಕಾಯಿತು. ಅವಳ ವಾರವನ್ನು ಅವಳೇ ಬರೆದಿದ್ದರೆ ಒಂದೇ ಸಂಜೆಯಲ್ಲಿ ಗೊತ್ತಾಗುತ್ತಿತ್ತು. ಈ ಇಡೀ ಬರಹದಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ಇಲ್ಲಿ ಆಗುವ ಇನ್ನೊಂದು ತಪ್ಪು ಅಂದರೆ, ಇರುವ ವಾರದ ಬದಲು ಆಸೆಯ ವಾರ ಬರೆಯುವುದು. ಹಳ್ಳಿಗೆ ಹೋದರೆ ದಿನಾ ಬೆಳಿಗ್ಗೆ ನಡೆಯುತ್ತೇನೆ, ತೋಟ ಮಾಡುತ್ತೇನೆ ಅನ್ನುತ್ತೀರಾ? ಈಗ ಇರುವ ಕಡೆ ನಡೆಯುತ್ತಿದ್ದೀರಾ? ನಾಲ್ಕು ಕುಂಡವಾದರೂ ನೋಡಿಕೊಳ್ಳುತ್ತಿದ್ದೀರಾ? ನಗರಕ್ಕೆ ಹೋಗುವವರದ್ದೂ ಇದೇ ಕತೆ, ನಾಟಕ, ಸಂಗೀತ, ಗ್ರಂಥಾಲಯ ಅಂತ ಪಟ್ಟಿ ಮಾಡುತ್ತಾರೆ. ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಹೋಗಿದ್ದೀರಿ ಅಂತ ಎಣಿಸಿ. ಬಳಸದ ಸೌಕರ್ಯದ ಪಕ್ಕದಲ್ಲಿರಲು ಪ್ರತಿ ತಿಂಗಳೂ ದುಡ್ಡು ಕೊಡುವುದು ನ್ಯಾಯವಲ್ಲ.

ಹಂತ 2: ಬಿಡಲಾಗದ ಮೂರು ಸಂಗತಿ ಹೆಸರಿಸಿ

ದಿನಚರಿ ಮುಂದಿಟ್ಟುಕೊಂಡು, ಪ್ರತಿಯೊಬ್ಬರೂ ತಮಗೆ ಬಿಡಲು ಆಗದ ಮೂರನ್ನು ಬರೆಯಲಿ. ಮೂರೇ. ನಾಲ್ಕನೆಯದು ಬರೆಯಬೇಕು ಅನ್ನಿಸಿದರೆ ಮೊದಲ ಮೂರರಲ್ಲಿ ಒಂದನ್ನು ಹೊಡೆದುಹಾಕಬೇಕು.

ಪರೀಕ್ಷೆ ಸುಲಭ: ಇದು ಸಿಗದೇ ಹೋದರೆ ಎರಡು ವರ್ಷದೊಳಗೆ ಆ ಜಾಗ ಬಿಡುತ್ತೀರಾ? ಹೌದು ಅಂದರೆ ಪಟ್ಟಿಯಲ್ಲಿರಲಿ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಇರುವವರಿಗೆ ಆಸ್ಪತ್ರೆಯ ದೂರ ಅಂಥದ್ದು. ವಯಸ್ಸಾದ ಅಪ್ಪ ಅಮ್ಮನನ್ನು ಆಗಾಗ ನೋಡಬೇಕಾದವರಿಗೆ ಅವರ ಮನೆಯ ದಾರಿ ಅಂಥದ್ದು. ಸದ್ದಿದ್ದರೆ ನಿದ್ದೆಯೇ ಬಾರದವರಿಗೆ ನಿಶ್ಶಬ್ದ ಕೂಡ ಅಷ್ಟೇ ದೊಡ್ಡದು, ಅದನ್ನು ಸಣ್ಣ ವಿಷಯ ಅಂತ ತಳ್ಳಿಹಾಕಬೇಡಿ. ದೊಡ್ಡ ಅಂಗಳ, ಮಹಡಿಯಿಂದ ಕಾಣುವ ನೋಟ, ಇವು ಇದ್ದರೆ ಸಂತೋಷ, ಅಷ್ಟೇ.

ಆಮೇಲೆ ಅದೇ ಪಟ್ಟಿಯನ್ನು ಐದು, ಹತ್ತು ವರ್ಷ ಮುಂದಕ್ಕೆ ಸರಿಸಿ ನೋಡಿ. ಆರು ವರ್ಷದ ಮಗುವಿಗೆ ಅಂಗಳ ಸಾಕು, ಹದಿನಾಲ್ಕರ ಹೊತ್ತಿಗೆ ಅದೇ ಮಗುವಿಗೆ ಸ್ನೇಹಿತರ ಮನೆಗೆ ತಾನಾಗಿಯೇ ಹೋಗುವ ದಾರಿ ಬೇಕು. ಬಸ್ಸಿಲ್ಲದ ಊರಂಚಿನಲ್ಲಿ ಅಪ್ಪ ಅಮ್ಮ ಸಂಜೆಯೆಲ್ಲ ಡ್ರೈವರ್ ಆಗಿಬಿಡುತ್ತಾರೆ. ಇನ್ನೊಂದು ತುದಿಯಲ್ಲಿ, ವಯಸ್ಸಾಗಿ ಕಣ್ಣು ಮಂಜಾಗಿ ಗಾಡಿ ಓಡಿಸುವುದು ನಿಂತ ದಿನ ಏನು ಮಾಡುತ್ತೀರಿ? ನಿವೃತ್ತಿಗೆಂದು ಹಳ್ಳಿಗೆ ಹೋಗುವವರು ಈ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡೇ ಮುಂದೆ ಹೋಗಬೇಕು.

ಹಂತ 3: ದೂರವನ್ನು ಗಡಿಯಾರದಲ್ಲಿ ಅಳೆಯಿರಿ

ಕಿಲೋಮೀಟರ್ ಮರೆತುಬಿಡಿ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಮಾತು ಮುಂದಿಟ್ಟರು: ಜನ ನಡೆದು ಹೋಗಲಿ, ಗಾಡಿಯಲ್ಲಿ ಹೋಗಲಿ, ದಿನಕ್ಕೆ ಓಡಾಟಕ್ಕೆ ಕೊಡುವ ಹೊತ್ತು ಸರಾಸರಿ ಒಂದು ಗಂಟೆಯ ಸುತ್ತಮುತ್ತ ನಿಲ್ಲುತ್ತದೆ. ಗಾಡಿ ವೇಗವಾದರೆ ಉಳಿದ ಸಮಯದಲ್ಲಿ ವಿರಾಮ ತೆಗೆದುಕೊಳ್ಳುವುದಿಲ್ಲ, ಇನ್ನೂ ದೂರ ಹೋಗಿ ಮನೆ ಮಾಡುತ್ತೇವೆ. ಇದು ಸರಾಸರಿ, ಎಲ್ಲರಿಗೂ ಕಟ್ಟುನಿಟ್ಟಿನ ನಿಯಮ ಅಲ್ಲ. ಆದರೂ ಹೋಗಿ ಬರುವುದು ಒಟ್ಟು ಒಂದು ಗಂಟೆ ದಾಟುತ್ತಿದೆ ಅಂದರೆ, ಆ ಹೆಚ್ಚಿನ ಹೊತ್ತನ್ನು ನಿದ್ದೆಯಿಂದಲೋ ಮನೆಯವರಿಂದಲೋ ಕಿತ್ತುಕೊಳ್ಳಲಿದ್ದೀರಿ ಅಂತ ತಿಳಿದಿರಲಿ.

ಈಗ ವರ್ಷದ ಲೆಕ್ಕ. ಒಂದು ಕಡೆಗೆ 45 ನಿಮಿಷ, ವರ್ಷಕ್ಕೆ 220 ಕೆಲಸದ ದಿನ ಅಂದುಕೊಂಡರೆ 330 ಗಂಟೆ. ಎಂಟು ಗಂಟೆಯ ದಿನಗಳಾಗಿ ನೋಡಿದರೆ 41 ದಿನ, ರಜೆ ಹಾಕದೇ ದಾರಿಯಲ್ಲೇ ಕಳೆದ ದಿನಗಳು. ಸ್ವಿಸ್ ಅರ್ಥಶಾಸ್ತ್ರಜ್ಞರಾದ ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟಟ್ಸರ್ ಜರ್ಮನಿಯ ಮನೆಗಳ ಮಾಹಿತಿ ಇಟ್ಟುಕೊಂಡು ನೋಡಿದಾಗ, ದೂರ ಓಡಾಡುವವರು ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡಿದ್ದು ಕಂಡುಬಂತು. ದೊಡ್ಡ ಮನೆ, ಹೆಚ್ಚಿನ ಸಂಬಳ, ಯಾವುದೂ ಆ ಕೊರತೆಯನ್ನು ಪೂರ್ತಿ ತುಂಬಿರಲಿಲ್ಲ. ದೊಡ್ಡ ಮನೆಗೆ ಎರಡು ತಿಂಗಳಲ್ಲಿ ಅಭ್ಯಾಸವಾಗಿಬಿಡುತ್ತದೆ, ದಿನಾ ಟ್ರಾಫಿಕ್ಕಿನಲ್ಲಿ ಕೂರುವುದಕ್ಕೆ ಮಾತ್ರ ಅಭ್ಯಾಸವಾಗುವುದಿಲ್ಲ. ನನ್ನ ಅನುಭವವೂ ಅದೇ.

ಅಳೆಯುವುದು ಹೇಗೆ? ಮನೆ ಬಾಗಿಲಿನಿಂದ ಕೆಲಸದ ಜಾಗದ ಬಾಗಿಲಿನವರೆಗೆ, ನೀವು ನಿಜವಾಗಿ ಹೊರಡುವ ಹೊತ್ತಿಗೆ, ವಾರದ ದಿನ, ಎರಡೂ ದಿಕ್ಕಿಗೆ. ಪಾರ್ಕಿಂಗ್ ಹುಡುಕುವುದು, ಬಸ್ಸಿಗೆ ಕಾಯುವುದು, ಲಿಫ್ಟಿಗೆ ನಿಲ್ಲುವುದು ಎಲ್ಲ ಸೇರಿಸಿ. ನಾನು ಆ ಊರಂಚಿನ ಮನೆ ನೋಡಿದ್ದು ಒಂದು ಭಾನುವಾರ ಬೆಳಿಗ್ಗೆ, ದಾರಿ 25 ನಿಮಿಷ ಹಿಡಿದಿತ್ತು. ಸೋಮವಾರ ಅದೇ ದಾರಿ 1 ಗಂಟೆ 10 ನಿಮಿಷ. ಕನಿಷ್ಠ ಐದು ಸಲ ಅಳೆದು, ಅದರಲ್ಲಿ ಅತಿ ಕೆಟ್ಟ ದಿನದ ಅಂಕಿಗೆ ಗುರುತು ಹಾಕಿ. ಶಾಲೆಯಿಂದ ಮಗುವನ್ನು ಇಷ್ಟೇ ಗಂಟೆಗೆ ಕರೆತರಬೇಕು ಅಂತಿರುವವರಿಗೆ ಸರಾಸರಿಯಿಂದ ಪ್ರಯೋಜನವಿಲ್ಲ, ಕೆಟ್ಟ ದಿನವೇ ಅವರ ಲೆಕ್ಕ.

ತುರ್ತಿನ ಗಡಿಯಾರ ಬೇರೆ. ಹೃದಯ ನಿಂತಾಗ ಎದೆ ಒತ್ತುವುದಾಗಲಿ, ಹೃದಯಕ್ಕೆ ಕರೆಂಟಿನ ಆಘಾತ ಕೊಡುವ ಡಿಫಿಬ್ರಿಲೇಟರ್ ಯಂತ್ರವಾಗಲಿ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಸಿಯುತ್ತದೆ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು, ಅದಕ್ಕೆ ಮೊದಲು ಸ್ಕ್ಯಾನ್ ಆಗಬೇಕು. ಹಾಗಾಗಿ ಹತ್ತಿರದ ಕ್ಲಿನಿಕ್ ಎಷ್ಟು ದೂರ ಅಂತ ಕೇಳಿದರೆ ಸಾಲದು. ರಾತ್ರಿ ಎರಡು ಗಂಟೆಗೆ ಸ್ಕ್ಯಾನ್ ಮಾಡುವ ಆಸ್ಪತ್ರೆ ಎಲ್ಲಿದೆ, ಆಂಬ್ಯುಲೆನ್ಸ್ ಎಲ್ಲಿಂದ ಹೊರಟು ಬರುತ್ತದೆ, ಇದನ್ನು ಅಲ್ಲಿ ಈಗಾಗಲೇ ಇರುವ ಮೂರು ಮನೆಯವರನ್ನು ಕೇಳಿ. ಹಳ್ಳಿಯನ್ನೇ ಆರಿಸಿದಿರಿ ಅಂದರೆ ಮನೆಯ ದೊಡ್ಡವರೆಲ್ಲ ಸಿಪಿಆರ್, ಅಂದರೆ ಹೃದಯ ನಿಂತಾಗ ಎದೆ ಒತ್ತುವ ಕ್ರಮ, ಕಲಿಯಿರಿ, ಕೆಲವು ಗಂಟೆಯ ತರಬೇತಿ ಸಾಕು.

ಹಂತ 4: ಪೂರ್ತಿ ಖರ್ಚು ಬರೆಯಿರಿ

ಬಾಡಿಗೆ ಅಥವಾ ಸಾಲದ ಕಂತನ್ನು ಮಾತ್ರ ಹೋಲಿಸಿದರೆ ಹಳ್ಳಿ ಮತ್ತು ಊರಂಚು ಯಾವಾಗಲೂ ಗೆಲ್ಲುತ್ತವೆ. ಅದಕ್ಕೇ ಅಷ್ಟು ಜನ ಮೋಸ ಹೋಗುವುದು.

ಊರಂಚಿನಲ್ಲಿ ಮರೆಯುವ ದೊಡ್ಡ ಖರ್ಚು ಎರಡನೇ ಗಾಡಿ. ಒಂದು ಗಾಡಿಯಲ್ಲಿ ಸುಧಾರಿಸುತ್ತೇವೆ ಅಂತ ಹೋದ ಮನೆಗಳಲ್ಲಿ ಬಹಳ ಕಡೆ ವರ್ಷದೊಳಗೆ ಎರಡನೆಯದು ಬಂದಿರುತ್ತದೆ. ಕೊಳ್ಳುವ ಬೆಲೆ, ಇಂಧನ, ವಿಮೆ, ರಿಪೇರಿ, ಹಳೆಯದಾದಂತೆ ಇಳಿಯುವ ಬೆಲೆ, ಎಲ್ಲ ಸೇರಿಸಿ ತಿಂಗಳಿಗೆ ಭಾಗಿಸಿ, ಬಾಡಿಗೆಯ ಕೆಳಗೇ ಬರೆಯಿರಿ.

ಹಳ್ಳಿಯಲ್ಲಿ ಮರೆಯುವುದು ಮನೆ ನಿರ್ವಹಣೆ. ಪಂಪು, ಮೋಟರ್, ಟ್ಯಾಂಕ್, ಮನೆವರೆಗಿನ ಖಾಸಗಿ ದಾರಿ, ಬೇಲಿ, ಬೀಳುವ ಹಾಗಿರುವ ಮರ. ಒಂಟಿ ಮನೆಗೆ ನಾಲ್ಕು ಕಡೆಯೂ ಹೊರಗಿನ ಗೋಡೆ, ಮೇಲೆ ಚಾವಣಿ, ಹಾಗಾಗಿ ಅದೇ ಅಳತೆಯ ಫ್ಲ್ಯಾಟಿಗಿಂತ ಚಳಿಯೂ ಸೆಕೆಯೂ ಬೇಗ ಒಳಗೆ ಬರುತ್ತವೆ, ಅದನ್ನು ತಡೆಯಲು ಜಾಸ್ತಿ ಕರೆಂಟು ಬೇಕು. ದುಡ್ಡಿನ ಜೊತೆ ಗಂಟೆಗಳಿಗೂ ಒಂದು ಕಾಲಂ ಹಾಕಿ. ಹುಲ್ಲು ಕತ್ತರಿಸುವುದು, ಚರಂಡಿ ತೆಗೆಯುವುದು ಯಾರ ಕೆಲಸ, ವಾರಕ್ಕೆ ಎಷ್ಟು ಹೊತ್ತು? ಆ ಕೆಲಸ ನಿಮಗೆ ಖುಷಿ ಕೊಡುತ್ತದೆ ಅಂದರೆ ಅದು ಲಾಭ. ಇಲ್ಲದಿದ್ದರೆ ಸಂಬಳ ಕೊಟ್ಟು ಮಾಡಿಸಬೇಕು, ಮಾಡುವವರು ಹತ್ತಿರದಲ್ಲಿ ಸಿಗಲೂಬೇಕು.

ನಗರದಲ್ಲಿ ಖರ್ಚು ಬಹುತೇಕ ಎದುರಿಗೇ ಕಾಣುತ್ತದೆ: ಬಾಡಿಗೆ, ಕಟ್ಟಡದ ನಿರ್ವಹಣಾ ಶುಲ್ಕ, ಪಾರ್ಕಿಂಗ್. ಕಾಣದಿರುವುದು ಇಕ್ಕಟ್ಟಿನ ಬೆಲೆ. ಮನೆಯಲ್ಲಿ ಕೂರಲು ಜಾಗವಿಲ್ಲದೆ ಹೊರಗೆ ಕಾಲ ಕಳೆದು, ಹೊರಗೇ ಖರ್ಚು ಮಾಡುವುದು. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ ಅದು ಎಷ್ಟು ಅಂತ ಗೊತ್ತಾಗುತ್ತದೆ.

ಹಂತ 5: ನೀರು, ಕೊಳಚೆ, ಕರೆಂಟು, ಸಿಗ್ನಲ್

ನಗರದಲ್ಲಿ ಈ ಹಂತ ಅರ್ಧ ಗಂಟೆಯ ಕೆಲಸ: ನಲ್ಲಿಯಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ, ಮೇಲಿನ ಮಹಡಿಯಲ್ಲಿ ಒತ್ತಡ ಇದೆಯಾ, ಲಿಫ್ಟ್ ಕೆಟ್ಟರೆ ಎಷ್ಟು ದಿನಕ್ಕೆ ಸರಿಯಾಗುತ್ತದೆ, ಅಷ್ಟು ಕೇಳಿಕೊಂಡರೆ ಮುಗಿಯಿತು. ಊರಂಚು ಮತ್ತು ಹಳ್ಳಿಗೆ ಇದೇ ಅತಿ ಮುಖ್ಯವಾದ ಹಂತ, ಹೊಸಬರು ಹಾರಿಸಿಬಿಡುವುದೂ ಇದನ್ನೇ.

ನೀರು. ಬೋರ್‌ವೆಲ್ ಅಥವಾ ಬಾವಿ ಇದ್ದರೆ ಎರಡು ಪ್ರಶ್ನೆ, ಎಷ್ಟು ಸಿಗುತ್ತದೆ ಮತ್ತು ಹೇಗಿದೆ. ಎಷ್ಟು ಅನ್ನುವುದನ್ನು ಒಣ ಕಾಲದ ಕೊನೆಯಲ್ಲಿ ನೋಡಬೇಕು, ಮಳೆ ನಿಂತ ಮಾರನೇ ವಾರ ನೋಡಿದರೆ ಯಾವ ಬಾವಿಯೂ ತುಂಬಿಯೇ ಇರುತ್ತದೆ. ಹೇಗಿದೆ ಅನ್ನುವುದನ್ನು ಕಣ್ಣಲ್ಲಿ ನೋಡಿ ಹೇಳಲಾಗದು. ಕೋಲಿಫಾರ್ಮ್ ಬ್ಯಾಕ್ಟೀರಿಯಾ, ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಈ ನಾಲ್ಕನ್ನಂತೂ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ ನೈಟ್ರೇಟ್ 50 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 10 ಮೈಕ್ರೋಗ್ರಾಂ. ಕುದಿಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ನೀರು ಆವಿಯಾಗಿ ಹೋಗಿ ನೈಟ್ರೇಟ್ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ, ಆ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಅದು ಅಪಾಯ. ಗೊಬ್ಬರ ಹಾಕುವ ಹೊಲದ ಪಕ್ಕದ ಬಾವಿಯಾದರೆ ಇದರ ಬಗ್ಗೆ ಇನ್ನೂ ಎಚ್ಚರ. ಹೋದ ಮೇಲೂ ವರ್ಷಕ್ಕೊಮ್ಮೆ ಬ್ಯಾಕ್ಟೀರಿಯಾ ಮತ್ತು ನೈಟ್ರೇಟ್ ಪರೀಕ್ಷೆ ತಪ್ಪಿಸಬೇಡಿ.

ಕೊಳಚೆ. ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದು ಎಲ್ಲಿದೆ, ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು ಅಂತ ಕೇಳಿ. ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ತೆಗೆಸಬೇಕು. "ಹತ್ತು ವರ್ಷದಿಂದ ಏನೂ ತೊಂದರೆ ಇಲ್ಲ, ತೆಗೆಸಿಯೇ ಇಲ್ಲ" ಅಂದರೆ ಅದು ಒಳ್ಳೆಯ ಸುದ್ದಿ ಅಂದುಕೊಳ್ಳಬೇಡಿ. ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟು ನೋಡಿ. ಮೋರಿಯಿಂದ ಗುಳುಗುಳು ಸದ್ದು, ಬಚ್ಚಲಲ್ಲಿ ನೀರು ನಿಧಾನಕ್ಕೆ ಇಳಿಯುವುದು, ಒಣ ಕಾಲದಲ್ಲೂ ಅಂಗಳದ ಒಂದೇ ಭಾಗದಲ್ಲಿ ಹುಲ್ಲು ದಟ್ಟ ಹಸಿರಾಗಿರುವುದು, ನೆಲ ಒದ್ದೆಯಾಗಿ ವಾಸನೆ ಬರುವುದು, ಇವೆಲ್ಲ ಟ್ಯಾಂಕ್ ಸೋತಿರುವ ಲಕ್ಷಣ. ಟ್ಯಾಂಕಿಗೂ ಬಾವಿಗೂ ಅಂತರ ಎಷ್ಟು ಅಂತ ಹೆಜ್ಜೆ ಹಾಕಿ ಅಳೆಯಿರಿ. ಹತ್ತಿರ ಇದ್ದರೆ, ಅದರಲ್ಲೂ ಟ್ಯಾಂಕ್ ಎತ್ತರದಲ್ಲಿ ಬಾವಿ ತಗ್ಗಿನಲ್ಲಿ ಇದ್ದರೆ, ಅಲ್ಲಿಗೇ ನಿಲ್ಲಿಸಿ.

ಕರೆಂಟು. ಮನೆ ಮಾಲೀಕರನ್ನು ಕೇಳಿದರೆ "ಹೋಗೋದೇ ಇಲ್ಲ" ಅನ್ನುತ್ತಾರೆ. ಪಕ್ಕದ ಮನೆಯವರನ್ನು ಕೇಳಿ, ಅದೂ ಹೀಗೆ ಕೇಳಿ: ಕಳೆದ ಗಾಳಿಮಳೆಯಲ್ಲಿ ಎಷ್ಟು ಗಂಟೆ ಇರಲಿಲ್ಲ? ಕರೆಂಟು ಹೋದರೆ ಬೋರ್‌ವೆಲ್ ಮೋಟರೂ ನಿಲ್ಲುತ್ತದೆ, ಅಂದರೆ ನೀರೂ ಇಲ್ಲ. ಮನೆಯಲ್ಲಿ ಆಕ್ಸಿಜನ್ ಯಂತ್ರ ಬಳಸುವವರೋ, ಫ್ರಿಜ್ಜಿನಲ್ಲಿ ಇನ್ಸುಲಿನ್ ಇಡುವವರೋ ಇದ್ದರೆ ಬ್ಯಾಟರಿಯ ವ್ಯವಸ್ಥೆ ಮೊದಲ ದಿನದಿಂದಲೇ ಬೇಕು.

ಸಿಗ್ನಲ್. ಮನೆಯಿಂದ ಕೆಲಸ ಮಾಡುವವರು ಮನೆಯ ಒಳಗೆ, ನೀವು ಕೂರುವ ಕೋಣೆಯಲ್ಲೇ, ಸಂಜೆ ಎಂಟರ ಹೊತ್ತಿಗೆ ವೇಗ ಅಳೆಯಿರಿ. ಮಧ್ಯಾಹ್ನ ಗೇಟಿನ ಹತ್ತಿರ ನಿಂತು ನೋಡಿದರೆ ಸುಳ್ಳು ಧೈರ್ಯ ಬರುತ್ತದೆ. ಡೌನ್‌ಲೋಡ್ ಜೊತೆ ಅಪ್‌ಲೋಡ್ ಕೂಡ ಬರೆದುಕೊಳ್ಳಿ, ವಿಡಿಯೋ ಕರೆ ಕೆಡುವುದು ಬಹಳ ಸಲ ಅಲ್ಲೇ. ಉಪಗ್ರಹ ಇಂಟರ್ನೆಟ್ ಇದೆ ಅಂದರೆ ಯಾವ ಬಗೆಯದ್ದು ಅಂತ ಕೇಳಿ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹವಾದರೆ ಸಿಗ್ನಲ್ ಹೋಗಿ ಬರುವುದಕ್ಕೇ ಅರ್ಧ ಸೆಕೆಂಡಿನ ಹತ್ತಿರ ಹಿಡಿಯುತ್ತದೆ, ಮಾತಿಗೆ ಮಾತು ಅಡ್ಡ ಬರುತ್ತದೆ. ಕೆಳ ಕಕ್ಷೆಯ ಉಪಗ್ರಹಗಳಲ್ಲಿ ಈ ತೊಂದರೆ ಬಹಳ ಕಡಿಮೆ, ಆದರೆ ಆಂಟೆನಾಕ್ಕೆ ಮರ ಅಡ್ಡ ಬರದ ತೆರೆದ ಆಕಾಶ ಬೇಕು.

ಹಂತ 6: ಗಾಳಿ, ಸದ್ದು, ಅಕ್ಕಪಕ್ಕ

ಒಂದೇ ಜಾಗಕ್ಕೆ ಕನಿಷ್ಠ ಆರು ಸಲ ಹೋಗಿ: ವಾರದ ದಿನ ಬೆಳಿಗ್ಗೆ, ವಾರದ ದಿನ ಸಂಜೆ, ರಾತ್ರಿ ಹನ್ನೊಂದರ ನಂತರ, ಭಾನುವಾರ, ಜೋರು ಮಳೆ ಬಂದ ಮಾರನೇ ದಿನ, ಮತ್ತೆ ಗಾಳಿ ಬೇರೆ ದಿಕ್ಕಿಗೆ ತಿರುಗಿದ ದಿನ.

ಹಳ್ಳಿ ಅಂದರೆ ನಿಶ್ಶಬ್ದ ಅನ್ನುವುದು ದೊಡ್ಡ ತಪ್ಪು ತಿಳುವಳಿಕೆ. ಕೊಯ್ಲಿನ ಕಾಲದಲ್ಲಿ ಯಂತ್ರಗಳು ರಾತ್ರಿಯೂ ಓಡುತ್ತವೆ, ಪಂಪಿನ ಸದ್ದು ಇರುತ್ತದೆ, ನಾಯಿಗಳು ಇರುತ್ತವೆ. ಔಷಧಿ ಸಿಂಪಡಿಸುವ ಹೊಲದಿಂದ ಗಾಳಿ ಬೀಸುವ ಕಡೆಯಲ್ಲಿ, ಕೋಳಿ ಫಾರಂ ಅಥವಾ ಕಲ್ಲು ಕ್ವಾರಿಯ ಪಕ್ಕದಲ್ಲಿ ಮನೆ ಇದ್ದರೆ ಮೊದಲ ಭೇಟಿಯಲ್ಲಿ ಗೊತ್ತಾಗದೇ ಹೋಗಬಹುದು. ಅಲ್ಲಿಯವರಿಗೆ ಅದು ಅನ್ನದ ದಾರಿ, ನೀವು ಹೋಗಿ ದೂರು ಕೊಟ್ಟು ನಿಲ್ಲಿಸುವ ವಿಷಯವಲ್ಲ. ಸಹಿಸಲು ಆಗುತ್ತದಾ ಅಂತ ಮೊದಲೇ ತೀರ್ಮಾನಿಸಿ.

ನಗರದಲ್ಲಿ ಮಲಗುವ ಕೋಣೆಯ ಕಿಟಕಿ ಯಾವ ಕಡೆ ತೆರೆಯುತ್ತದೆ ಅನ್ನುವುದು ಇಡೀ ಬಡಾವಣೆಗಿಂತ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ರಾತ್ರಿ ಹೊತ್ತು ಮನೆಯ ಹೊರಗೆ ವಾಹನದ ಸದ್ದು ಸರಾಸರಿ 45 ಡೆಸಿಬೆಲ್ ಒಳಗಿರಲಿ ಅಂತಿದೆ. ರಸ್ತೆ ಕಡೆಯ ಕೋಣೆಗೂ ಹಿಂದಿನ ಕೋಣೆಗೂ ಆಪ್ ಹಿಡಿದು ವ್ಯತ್ಯಾಸ ನೋಡಿ, ಆಶ್ಚರ್ಯವಾಗುತ್ತದೆ. ಗಾಳಿಗೆ ಅದೇ ಸಂಸ್ಥೆ 2021ರಲ್ಲಿ ಪಿಎಂ 2.5, ಅಂದರೆ ಗಾಳಿಯಲ್ಲಿರುವ ಅತಿ ಸಣ್ಣ ದೂಳಿನ ಕಣಗಳಿಗೆ ವರ್ಷದ ಸರಾಸರಿ ಒಂದು ಘನ ಮೀಟರಿಗೆ 5 ಮೈಕ್ರೋಗ್ರಾಂ ಅಂತ ಮಿತಿ ಹಾಕಿತು. ಬಹಳ ನಗರಗಳ ಗಾಳಿ ಈ ಮಿತಿಯೊಳಗೆ ಇರುವುದಿಲ್ಲ, ಹೊಲದ ಕೂಳೆ ಸುಡುವ ಹಳ್ಳಿಗಳದ್ದೂ ಇರುವುದಿಲ್ಲ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಹತ್ತಿರದ ಅಳತೆ ಕೇಂದ್ರದ ವರ್ಷದ ಅಂಕಿ ಹುಡುಕಿ ನೋಡಿ.

ಊರಂಚಿನ ವಿಶೇಷ ತೊಂದರೆ ಅಂದರೆ ಅದು ಇದ್ದ ಹಾಗೆ ಇರುವುದಿಲ್ಲ. ಎದುರಿನ ಖಾಲಿ ಜಾಗ ನಾಳೆ ಕಟ್ಟಡ ಆಗುತ್ತದೆ. ಊರಿನ ಅಭಿವೃದ್ಧಿ ನಕ್ಷೆ ಕಚೇರಿಯಲ್ಲಿ ಸಿಗುತ್ತದೆ, ಆ ಜಾಗಕ್ಕೆ ಯಾವ ಬಣ್ಣ ಹಾಕಿದ್ದಾರೆ, ಅಂದರೆ ಯಾವ ಬಳಕೆಗೆ ಇಟ್ಟಿದ್ದಾರೆ, ಅಂತ ನೋಡಿ. ಮತ್ತೆ, ರೈಲು "ಬರಲಿದೆ", ಶಾಲೆ "ಆಗಲಿದೆ", ರಸ್ತೆ "ಅಗಲ ಆಗಲಿದೆ" ಅಂತ ಹೇಳಿದ್ದನ್ನೆಲ್ಲ ಇಲ್ಲ ಅಂತಲೇ ಲೆಕ್ಕ ಹಾಕಿ. ಇಂದು ಅಲ್ಲಿ ಏನಿದೆಯೋ ಅದರಲ್ಲೇ ಬದುಕಲು ಆಗುತ್ತದೆ ಅಂದರೆ ಮಾತ್ರ ಮುಂದುವರಿಯಿರಿ.

ಜನರ ಬಗ್ಗೆಯೂ ಒಂದು ಮಾತು. ನಗರದಲ್ಲಿ ಯಾರೂ ನಿಮ್ಮನ್ನು ಗಮನಿಸುವುದಿಲ್ಲ, ಹಳ್ಳಿಯಲ್ಲಿ ಎಲ್ಲರೂ ಗಮನಿಸುತ್ತಾರೆ. ಎರಡರಲ್ಲೂ ಒಳ್ಳೆಯದಿದೆ, ಎರಡೂ ಭಾರವಾಗಬಹುದು. ಜ್ವರ ಬಂದು ಮೂರು ದಿನ ಹೊರಗೆ ಬರದಿದ್ದರೆ ಯಾರಾದರೂ ಬಾಗಿಲು ತಟ್ಟಬೇಕು ಅನ್ನುವವರಾ ನೀವು, ತಟ್ಟಬಾರದು ಅನ್ನುವವರಾ? ಮನೆಯ ಒಬ್ಬೊಬ್ಬರ ಉತ್ತರ ಒಂದೊಂದು ಇರುತ್ತದೆ, ಕೇಳಿ ನೋಡಿ.

ಹಂತ 7: ಕೆಟ್ಟ ಕಾಲದಲ್ಲಿ ಎರಡು ವಾರ ಇದ್ದು ನೋಡಿ

ರಜೆಯಲ್ಲಿ ಹೋಗಿ ಇದ್ದು ಬಂದಿದ್ದು ಲೆಕ್ಕಕ್ಕಿಲ್ಲ. ರಜೆಯಲ್ಲಿ ಯಾವ ಜಾಗವೂ ಚೆಂದ. ಆ ಜಾಗದ ಅತಿ ಕಷ್ಟದ ಕಾಲ ಯಾವುದು ಅಂತ ಕೇಳಿಕೊಂಡು, ಸುರಿಯುವ ಮಳೆಯೋ ಕಡು ಬಿಸಿಲೋ ಕೊರೆಯುವ ಚಳಿಯೋ, ಆಗ ಎರಡು ವಾರ ಬಾಡಿಗೆಗೆ ಇರಿ. ಕೆಲಸ ಮಾಡುತ್ತಾ ಇರಿ. ಮಗು ಶಾಲೆಗೆ ಹೋಗುವ ಹೊತ್ತಿಗೆ ಎದ್ದು ಹೊರಡಿ, ಕಸ ಹೊರಹಾಕಿ, ಮನೆಯ ಸಾಮಾನು ಅಲ್ಲೇ ತನ್ನಿ, ಒಮ್ಮೆ ವೈದ್ಯರ ಹತ್ತಿರವೂ ಹೋಗಿ ಬನ್ನಿ.

ಹಂತ 1ರ ದಿನಚರಿಯನ್ನು ಇಲ್ಲೂ ಬರೆಯಿರಿ. ಏಳನೇ ದಿನದಿಂದ ಹತ್ತನೇ ದಿನದವರೆಗಿನ ಪುಟಗಳೇ ನಿಜವಾದವು, ಹೊಸತನ ಅಷ್ಟರಲ್ಲಿ ಇಳಿದಿರುತ್ತದೆ. ಪೂರ್ತಿ ಎರಡು ವಾರ ಆಗುವುದೇ ಇಲ್ಲ ಅನ್ನುವವರು ಐದು ಕೆಲಸದ ದಿನವಾದರೂ ಇರಲೇಬೇಕು.

ಹಂತ 8: ತೀರ್ಮಾನ

ಬಹಳ ಜನ ಇಲ್ಲಿ ಅಂಕಪಟ್ಟಿ ಮಾಡುತ್ತಾರೆ. ಶಾಲೆಗೆ ಹತ್ತಕ್ಕೆ ಎಂಟು, ಗಾಳಿಗೆ ಒಂಬತ್ತು, ಆಸ್ಪತ್ರೆಗೆ ಎರಡು, ಕೂಡಿಸಿದರೆ ಈ ಜಾಗ ಮೊದಲು. ಹಾಗೆ ಮಾಡಬೇಡಿ. ಆಸ್ಪತ್ರೆಯ ಎರಡು ಅಂಕ ಗಾಳಿಯ ಒಂಬತ್ತರ ಹಿಂದೆ ಅಡಗಿಬಿಡುತ್ತದೆ, ಬೇಕಾದ ದಿನ ಮಾತ್ರ ಅದು ಬಯಲಿಗೆ ಬರುತ್ತದೆ.

ಬದಲಿಗೆ ಮೊದಲು ಜರಡಿ ಹಿಡಿಯಿರಿ. ಹಂತ 2ರಲ್ಲಿ ಯಾರಾದರೂ ಬರೆದ ಬಿಡಲಾಗದ ಸಂಗತಿ ಒಂದು ಸಿಗದಿದ್ದರೂ ಆ ಜಾಗ ಬಿಟ್ಟುಬಿಡಿ, ಉಳಿದದ್ದು ಎಷ್ಟೇ ಚೆನ್ನಾಗಿರಲಿ. ಉಳಿದ ಜಾಗಗಳ ನಡುವೆ ಆರಿಸಲು ಎಲ್ಲರೂ ಬೇರೆ ಬೇರೆ ಕೂತು, ಒಬ್ಬರಿಗೊಬ್ಬರು ತೋರಿಸದೆ, "ಇಲ್ಲಿ ನನ್ನ ಒಂದು ಮಂಗಳವಾರ" ಅಂತ ಅರ್ಧ ಪುಟ ಬರೆಯಿರಿ. ಮಂಗಳವಾರ ಯಾಕೆ ಅಂದರೆ ಅದರಲ್ಲಿ ಏನೂ ವಿಶೇಷ ಇಲ್ಲ. ಮಕ್ಕಳೂ ಬರೆಯಲಿ. ಆಮೇಲೆ ಒಟ್ಟಿಗೆ ಓದಿ. ಯಾರ ಪುಟದಲ್ಲಿ ಕಾಯುವುದು, ಒಬ್ಬರೇ ಇರುವುದು ಜಾಸ್ತಿ ಬಂದಿದೆಯೋ ಅವರ ಮಾತಿಗೆ ಹೆಚ್ಚು ತೂಕ ಕೊಡಿ.

ಯಾವ ಜಾಗವೂ ಜರಡಿ ದಾಟಲಿಲ್ಲವಾ? ಹಾಗಾಗುವುದುಂಟು. ಆಗ ಈಗಿರುವ ಕಡೆಯೇ ಮನೆ ಬದಲಿಸಿದರೆ ಸಾಕಾ ಅಂತ ನೋಡಿ. ನಗರ ಸಾಕಾಯಿತು ಅನ್ನುವ ಎಷ್ಟೋ ಜನರಿಗೆ ಸಾಕಾಗಿರುವುದು ರಸ್ತೆಗೆ ಮುಖ ಮಾಡಿದ ಆ ಒಂದು ಮನೆ. ಹತ್ತಿರದ ಸಣ್ಣ ಪಟ್ಟಣವನ್ನೂ ಮರೆಯಬೇಡಿ. ಮಧ್ಯದ ಬೀದಿಗಳಲ್ಲಿ ನಡೆದೇ ಎಲ್ಲ ಮುಗಿಯುವ, ಐದು ನಿಮಿಷಕ್ಕೆ ಹೊಲ ಸಿಗುವ ಪಟ್ಟಣಗಳು ಮೂರೂ ಬಗೆಯಲ್ಲಿ ಸ್ವಲ್ಪ ಸ್ವಲ್ಪ ಕೊಡುತ್ತವೆ. ಅಲ್ಲಿ ನಿಮಗೆ ಕೆಲಸ ಸಿಗುತ್ತದಾ ಅನ್ನುವುದೊಂದೇ ದೊಡ್ಡ ಪ್ರಶ್ನೆ.

ಹಿಂದೆ ಸರಿಯಬೇಕಾದ ಸೂಚನೆಗಳು

ಮನೆಯ ಒಬ್ಬರು "ನಿಮಗೆ ಹೇಗೆ ಬೇಕೋ ಹಾಗೆ" ಅನ್ನುತ್ತಿದ್ದಾರೆ. ಅದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ನೀವು ಹೋಗಲು ಹೇಳುವ ಕಾರಣಗಳೆಲ್ಲ ಈಗಿನ ಜಾಗದ ಮೇಲಿನ ಸಿಟ್ಟೇ ಆಗಿದ್ದು, ಹೊಸ ಜಾಗದ ಬಗ್ಗೆ ಒಂದೂ ಇಲ್ಲದಿದ್ದರೆ ಸ್ವಲ್ಪ ನಿಲ್ಲಿ. ಹತ್ತಿರದವರ ಸಾವು, ವಿಚ್ಛೇದನ, ಕೆಲಸ ಹೋಗಿದ್ದು, ಇಂಥದ್ದು ಆಗಿ ಆರು ತಿಂಗಳೂ ಆಗಿಲ್ಲವಾದರೆ ಬಾಡಿಗೆಗೆ ಬೇಕಾದರೆ ಹೋಗಿ, ಕೊಳ್ಳಲು ಹೋಗಬೇಡಿ. ಮನೆಯಿಂದ ಕೆಲಸ ಮಾಡಬಹುದು ಅನ್ನುವುದು ಬಾಯಿಮಾತಿನಲ್ಲಿ ಮಾತ್ರ ಇದ್ದು ಕಂಪನಿಯ ಪತ್ರದಲ್ಲಿ ಇಲ್ಲದಿದ್ದರೆ, ದಿನಾ ಆಫೀಸಿಗೆ ಹೋಗಬೇಕು ಅಂತಲೇ ದೂರ ಲೆಕ್ಕ ಹಾಕಿ. ಇನ್ನು, ಇಂದೇ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಹೋಗುತ್ತದೆ ಅಂತ ಯಾರಾದರೂ ಅವಸರ ಮಾಡಿದರೆ, ಹೋಗಲಿ ಬಿಡಿ.

ಹಂತ 9: ಮೊದಲು ಬಾಡಿಗೆ, ಆಮೇಲೆ ಖರೀದಿ

ಈಗ ಮನೆ ಹುಡುಕಬಹುದು. ಕೊಳ್ಳುವ ಶಕ್ತಿ ಇದ್ದರೂ ಒಂದು ವರ್ಷ, ಅಂದರೆ ಎಲ್ಲ ಕಾಲವೂ ಒಮ್ಮೆ ಬಂದು ಹೋಗುವವರೆಗೆ, ಬಾಡಿಗೆಗೆ ಇರಿ. ಹಳ್ಳಿಯಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಕೊಳ್ಳುವವರು ಕಡಿಮೆ, ಮಾರಬೇಕು ಅಂದಾಗ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಬಾಡಿಗೆ ಮನೆಯೇ ಸಿಗದ ಹಳ್ಳಿಯಾದರೆ ಹತ್ತಿರದ ಪಟ್ಟಣದಲ್ಲಿ ಇದ್ದುಕೊಂಡು ಓಡಾಡಿ ನೋಡಿ.

ಸಾಧ್ಯವಾದರೆ ಹಳೆಯ ಜಾಗದ ದಾರಿ ಮುಚ್ಚಬೇಡಿ. ಅಲ್ಲಿ ಸ್ವಂತ ಮನೆ ಇದ್ದರೆ ಮೊದಲ ವರ್ಷ ಮಾರದೆ ಬಾಡಿಗೆಗೆ ಕೊಡಿ, ವೈದ್ಯರ ಬಳಿ ಇರುವ ಕಡತಗಳ ಪ್ರತಿ ತೆಗೆದಿಟ್ಟುಕೊಳ್ಳಿ, ಮಗುವಿನ ಶಾಲೆ ಬದಲಿಸುವುದನ್ನು ವರ್ಷದ ಮಧ್ಯದಲ್ಲಿ ಮಾಡಬೇಡಿ. ಹೊಸ ಕರಾರಿನಲ್ಲಿ ಬಿಡುವ ಮೊದಲು ಎಷ್ಟು ತಿಂಗಳ ಮುಂಚೆ ತಿಳಿಸಬೇಕು ಅನ್ನುವ ಸಾಲನ್ನು ಸಹಿ ಹಾಕುವ ಮೊದಲು ಎರಡು ಸಲ ಓದಿ.

ಹೋದ ಮೊದಲ ಮೂರು ತಿಂಗಳು ಯಾವ ತೀರ್ಮಾನಕ್ಕೂ ಬರಬೇಡಿ, ಬೇಜಾರಾದರೂ, ತುಂಬಾ ಖುಷಿಯಾದರೂ. ಆರನೇ ತಿಂಗಳಲ್ಲಿ ಮತ್ತೆ 14 ದಿನದ ದಿನಚರಿ ಬರೆದು, ಹಳೆಯ ನೋಟ್‌ಬುಕ್ ಪಕ್ಕದಲ್ಲಿಟ್ಟು ಮೂರು ವಿಷಯ ಮಾತ್ರ ನೋಡಿ: ಓಡಾಟದ ಗಂಟೆ, ನಿದ್ದೆಯ ಗಂಟೆ, ಮನೆಯವರಲ್ಲದ ಯಾರ ಜೊತೆಯಾದರೂ ಕೂತು ಮಾತಾಡಿದ ಗಂಟೆ. ಮೂರರಲ್ಲಿ ಎರಡು ಮೊದಲಿಗಿಂತ ಕೆಟ್ಟಿದ್ದರೆ, ಅದು ಮನೆಯಲ್ಲಿ ಒಬ್ಬರಿಗೇ ಆಗಿದ್ದರೂ, ಕರಾರು ಮುಂದುವರಿಸುವ ಮೊದಲು ಎಲ್ಲರೂ ಕೂತು ಮಾತಾಡಿ. ಬಿಡುವುದು ಅಂತ ಆದರೆ ಮಾಲೀಕರಿಗೆ ಆಗಲೇ ಬರಹದಲ್ಲಿ ತಿಳಿಸಿ.